ಪರರ ನಿಷ್ಕಾಮವೂ ನಮ್ಮ ಅಧಿಕಾರವೂ



ಹೇಳಿದಂತೆ ಕೇಳುವುದನ್ನು ಮನುಷ್ಯನು ತಾಯಿಯ ಮಡಿಲಿನಿಂದ ಮೊದಲುಗೊಂಡು ವರ್ಷಗಟ್ಟಲೆ ಕಲಿಯುತ್ತಾನೆ. ಇತರರು ತನ್ನ ಮಾತನ್ನು ಕೇಳುವಂತೆ ಮಾಡುವ ವಿದ್ಯೆಗಾದರೋ ಏಳು ದಿನಗಳು ಸಾಕೆಂದು ಲೋಕ ತಿಳಿದಂತಿದೆ. ಇದು ಪರಿಹಾಸದ ಮಾತಲ್ಲ. ನಮ್ಮ ರಾಜ್ಯದ ಗೃಹರಕ್ಷಕ ದಳದಲ್ಲಿ ಸ್ವಯಂಸೇವಕರಾಗಿ ಸೇರಿ, ಕ್ರಮೇಣ ಮೇಲಿನ ದರ್ಜೆಗೆ ಬಂದವರನ್ನು ಬೆಂಗಳೂರಿನ ತರಬೇತಿ ಅಕಾಡೆಮಿಗೆ ಕರೆಸಿ, ಒಂದು ವಾರದ ಕಾಲ ನಾಯಕತ್ವದ ಶಿಕ್ಷಣ ಕೊಡುವುದುಂಟು. ಕವಾಯತು ನಡೆಸುವ ಕ್ರಮ, ಆಜ್ಞೆಯನ್ನು ಸ್ಪಷ್ಟವಾಗಿ ಕೂಗಿ ಹೇಳುವ ರೀತಿ, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವಿಕೆ, ಹಗ್ಗದ ಗಂಟುಗಳು, ಗಾಯಾಳುವನ್ನು ಹೊತ್ತು ತರುವ ಉಪಾಯ, ವರದಿ ಬರೆಯುವ ಪದ್ಧತಿ ಇವೆಲ್ಲ ಏಳು ದಿನಗಳಲ್ಲಿ ಕಲಿಯತಕ್ಕ ಸಂಗತಿಗಳೇ. ಕಲಿಸುವವರ ಶ್ರಮವನ್ನಾಗಲಿ, ಕೆಲಸಕಾರ್ಯ ಬಿಟ್ಟು ಕಲಿಯಲು ಹೋಗುವವರ ಶ್ರದ್ಧೆಯನ್ನಾಗಲಿ ನಾವು ಲಘುವಾಗಿ ಎಣಿಸುವುದಿಲ್ಲ. ಆದರೆ ಈ ಶಿಕ್ಷಣದ ಬುಡದಲ್ಲಿ ಒಂದು ಪ್ರಶ್ನೆ ಅಡಗಿದೆ. ಸಂಬಳದ ಹಂಗಿಲ್ಲದೆ ತಾನಾಗಿ ಬಂದು ನಿಂತವನ ಮೇಲೆ ಆಜ್ಞೆ ಮಾಡುವ ಹಕ್ಕು ಇನ್ನೊಬ್ಬನಿಗೆ ಎಲ್ಲಿಂದ ಬರುತ್ತದೆ? ಬಂದಮೇಲೆ ಅದರ ಎಲ್ಲೆ ಯಾವುದು? ಈ ತಿಂಗಳು ನಿಮ್ಮೊಡನೆ ವಿಚಾರಿಸಬೇಕೆಂದಿರುವುದು ಇದನ್ನೇ.

ಗೃಹರಕ್ಷಕನೆಂದರೆ ಯಾರು ಎಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳೋಣ. 1946ರ ಡಿಸೆಂಬರಿನಲ್ಲಿ ಅಂದಿನ ಮುಂಬಯಿ ಪ್ರಾಂತದಲ್ಲಿ, ಮತೀಯ ಗಲಭೆಗಳ ನಡುವೆ ಪೋಲೀಸರಿಗೆ ನೆರವಾಗಲೆಂದು ಈ ದಳವು ಮೊದಲು ಹುಟ್ಟಿತು. ಡಿಸೆಂಬರ್ 6ನೆಯ ದಿನವನ್ನು ಇಂದಿಗೂ ದಳದ ಸ್ಥಾಪನಾದಿನವೆಂದು ಆಚರಿಸುತ್ತಾರೆ. 1962ರ ಚೀನೀ ಆಕ್ರಮಣದ ತರುವಾಯ, ಬೇರೆಬೇರೆ ರಾಜ್ಯಗಳಲ್ಲಿದ್ದ ಸ್ವಯಂಸೇವಾ ಪಡೆಗಳನ್ನೆಲ್ಲ ಒಂದೇ ಮಾದರಿಯ ಗೃಹರಕ್ಷಕ ದಳವಾಗಿ ಕೂಡಿಸಬೇಕೆಂದು ಕೇಂದ್ರ ಸರ್ಕಾರವು ಸಲಹೆಯಿತ್ತಿತು. ನಮ್ಮ ರಾಜ್ಯದ ಕಾಯಿದೆಯೂ 1962ರದೇ. ಒಕ್ಕಲಿಗ, ಅಂಗಡಿಕಾರ, ಉಪಾಧ್ಯಾಯ, ಕೂಲಿಕಾರ, ಗೃಹಿಣಿ ಯಾರಾದರೂ ಸರಿ, ತಮ್ಮ ವೃತ್ತಿಯನ್ನು ನಡೆಸಿಕೊಂಡೇ ಇದಕ್ಕೆ ಸೇರಬಹುದು. ಜಿಲ್ಲೆಯ ಸಮಾದೇಷ್ಟರ ಹುದ್ದೆಯೂ ಗೌರವ ಹುದ್ದೆಯೇ. ಕರೆ ಬಂದ ದಿನಗಳಿಗೆ ಮಾತ್ರ ಭತ್ಯೆ. ದಳದ ಧ್ಯೇಯವಾಕ್ಯ ‘ನಿಷ್ಕಾಮ ಸೇವೆ’.

ಇಲ್ಲೊಂದು ವಿಚಿತ್ರವಿದೆ. ಸೇರುವುದು ಸ್ವಂತ ಇಚ್ಛೆಯಿಂದ; ಸೇರಿದಮೇಲೆ ಕರೆ ಬಂದಾಗ ಹೋಗದಿದ್ದರೆ, ಕೊಟ್ಟ ಆಜ್ಞೆಯನ್ನು ಮೀರಿದರೆ, ಶಿಕ್ಷೆಗೂ ಕಾಯಿದೆಯಲ್ಲಿ ಅವಕಾಶವಿದೆ. ಒಳಗೆ ಬರುವ ಬಾಗಿಲು ಪ್ರೀತಿಯದು, ಒಳಗಿನ ಗೋಡೆ ಕಾನೂನಿನದು. ಹೊರದೇಶದಲ್ಲಿಯೂ ಈ ತೊಡಕು ತಲೆದೋರಿತ್ತು. 1940ರ ಮೇ ತಿಂಗಳಿನಲ್ಲಿ ಜರ್ಮನರ ದಾಳಿಯ ಭಯ ಆವರಿಸಿದ್ದಾಗ ಇಂಗ್ಲೆಂಡಿನ ಸರ್ಕಾರವು ರೇಡಿಯೋ ಮೂಲಕ ಸ್ವಯಂಸೇವಕರನ್ನು ಕರೆಯಿತು; ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಹೆಸರು ಬರೆಸಿದರು. ಅವರಿಗೆ ಹದಿನಾಲ್ಕು ದಿನಗಳ ಮುನ್ಸೂಚನೆ ಕೊಟ್ಟು ಬಿಟ್ಟುಹೋಗುವ ಸ್ವಾತಂತ್ರ್ಯವಿತ್ತು. ಮನೆಗೆಲಸದ ಆಳು ಕೆಲಸ ಬಿಡುವ ಕರಾರಿನಂತಿದೆಯೆಂದು ಜನರು ಅದನ್ನು ಹಾಸ್ಯಮಾಡುತ್ತಿದ್ದರು. 1942ರಲ್ಲಿ ಆ ಸ್ವಾತಂತ್ರ್ಯವನ್ನು ಕಾನೂನು ಕಿತ್ತುಕೊಂಡಿತು. ಯುದ್ಧಕಾಲದಲ್ಲಿ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಬಿಟ್ಟುಹೋಗಲು ಸಾಧ್ಯವಿದ್ದೂ ಬಿಡದೆ ನಿಂತವನಿಗೂ, ಬಿಡಲು ಸಾಧ್ಯವಿಲ್ಲದೆ ನಿಂತವನಿಗೂ ನಡುವೆ ಇರುವ ವ್ಯತ್ಯಾಸವನ್ನು ಯಾವ ನಾಯಕನೂ ಮರೆಯತಕ್ಕದ್ದಲ್ಲ. ಇಬ್ಬರ ಸಮವಸ್ತ್ರವೂ ಒಂದೇ, ಇಬ್ಬರ ಹೆಜ್ಜೆಯೂ ಒಂದೇ. ನಾಯಕನು ಇಬ್ಬರಿಗೂ ಸಲ್ಲಿಸಬೇಕಾದ ಋಣವು ಮಾತ್ರ ಒಂದೇ ಅಲ್ಲ.

ಈ ವಿಷಯವು ನಮ್ಮ ಮನಸ್ಸಿನಲ್ಲಿ ಬೇರೂರಿದ್ದು ಒಂದು ಪತ್ರದಿಂದ. ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರೊಬ್ಬರು ಉದ್ಯೋಗನಿಮಿತ್ತವಾಗಿ ದಕ್ಷಿಣ ಕನ್ನಡಕ್ಕೆ ಹೋಗಿ ಆಲಂಕಾರಿನಲ್ಲಿ ನೆಲೆಸಿದ್ದಾರೆ. ಗೃಹರಕ್ಷಕ ದಳವನ್ನು ಸೇರಿ, ನಾಯಕತ್ವದ ವಾರದ ತರಬೇತಿಯನ್ನೂ ಮುಗಿಸಿದ್ದಾರೆ. ಆಲಂಕಾರು ಹಿಂದೆ ಪುತ್ತೂರು ತಾಲ್ಲೂಕಿನಲ್ಲಿತ್ತು, ಈಗ ಕಡಬ ತಾಲ್ಲೂಕಿಗೆ ಸೇರಿದೆ. ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿದೆ. ಬಯಲುಸೀಮೆಯ ನಮ್ಮ ಭಕ್ತರಿಗೆ ಆ ಸೀಮೆಯ ಮಳೆಗಾಲವು ಕಣ್ಣಾರೆ ಕಂಡ ಹೊರತು ಅರ್ಥವಾಗದು. ಶಾಂತಿಮೊಗರಿನ ಸೇತುವೆಯ ಕೆಳಗೆ ಕುಮಾರಧಾರೆ ಕೆಂಪಾಗಿ ಹರಿಯುತ್ತದೆ. ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಎರಡು ನದಿಗಳೂ ಉಕ್ಕಿ ಬಂದು ಸಹಸ್ರಲಿಂಗೇಶ್ವರ ದೇವಾಲಯದ ಮುಂದೆ ನೀರಿಗೆ ನೀರು ತಾಗಿದರೆ ಅದನ್ನು ‘ಸಂಗಮ’ವೆಂದು ಕರೆದು ಜನ ನೋಡಲು ನೆರೆಯುತ್ತಾರೆ. ನೋಡಲು ಬಂದವರನ್ನು ನೀರಿನಿಂದ ಹಿಂದೆ ನಿಲ್ಲಿಸುವುದು ಗೃಹರಕ್ಷಕರ ಪಾಲಿನ ಕೆಲಸಗಳಲ್ಲೊಂದು. ಮಳೆಗಾಲ ಕಳೆದರೆ ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ. ಅಲ್ಲಿಯ ಜನಸಂದಣಿಯ ಬಂದೋಬಸ್ತು. ಚುನಾವಣೆ ಬಂದರೆ ಅದೂ ಸೇರಿತು.

ಈಗ ಪತ್ರದ ವಿಷಯಕ್ಕೆ ಬರೋಣ. ಆ ಸೀಮೆ ಅಡಿಕೆಯ ಸೀಮೆ. ಮಳೆಗಾಲದಲ್ಲಿ ಕೊಳೆರೋಗ ತಗುಲಿದರೆ ಎಳೆಯ ಕಾಯಿಗಳೆಲ್ಲ ಉದುರಿ ನೆಲಕ್ಕೆ ಬೀಳುತ್ತವೆ. ಅದನ್ನು ತಡೆಯಲು ಮೈಲುತುತ್ತು ಸುಣ್ಣಗಳ ದ್ರಾವಣವನ್ನು ಮರದ ತುದಿಯ ಗೊನೆಗಳಿಗೆ ಸಿಂಪಡಿಸುತ್ತಾರೆ. ಅಲ್ಲಿನವರು ಇದಕ್ಕೆ ‘ಮದ್ದು ಬಿಡುವುದು’ ಎನ್ನುತ್ತಾರೆ. ಮಳೆ ಸುರಿಯುವಾಗ ಬಿಟ್ಟರೆ ತೊಳೆದು ಹೋಗುತ್ತದೆ. ಆಷಾಢದ ಮಧ್ಯದಲ್ಲಿ ಒಂದೆರಡು ದಿನ ಬಿಸಿಲು ಕಂಡಾಗಲೇ ಬಿಡಬೇಕು. ಆ ಎರಡು ದಿನಗಳಲ್ಲಿ ಮರ ಹತ್ತಬಲ್ಲವನನ್ನು ಹತ್ತು ತೋಟದವರು ಕಾಯುತ್ತಿರುತ್ತಾರೆ. ವರ್ಷದಲ್ಲಿ ಅವನ ಕೈಗೆ ನಾಲ್ಕು ಕಾಸು ಹೆಚ್ಚಾಗಿ ಸೇರುವ ದಿನಗಳೂ ಅವೇ. ಇಂಥ ಮರ ಹತ್ತುವವನೊಬ್ಬ ಗೃಹರಕ್ಷಕ. ಬಿಸಿಲು ಬಂದ ದಿನವೇ, ಮೇಲಿನ ಮಳೆಯಿಂದ ಹೊಳೆ ತುಂಬಿದೆಯೆಂದು ಅವನಿಗೆ ಕರೆ ಬಂತು. ಆತ ನಮ್ಮ ಹಳೆಯ ವಿದ್ಯಾರ್ಥಿಯ ಬಳಿಗೆ ಬಂದು, “ನಾಳೆ ನಾಡಿದ್ದು ಎರಡು ದಿನ ಬಿಡಿ ಸಾರ್, ಮದ್ದು ಬಿಡಲಿಕ್ಕುಂಟು” ಎಂದು ಕೇಳಿಕೊಂಡನು. ಇವರು ನಮ್ಮನ್ನು ಕೇಳಿದ ಪ್ರಶ್ನೆ ಇದು: “ಬುದ್ಧೀ, ಬೆಂಗಳೂರಿನಲ್ಲಿ ಆಜ್ಞೆ ಮಾಡುವುದನ್ನು ಕಲಿತು ಬಂದೆ. ನಿಷ್ಕಾಮ ಸೇವೆಯೆಂದು ನಾವು ಪ್ರತಿಜ್ಞೆ ಮಾಡಿದವರು. ಆ ಮಾತನ್ನು ಅವನಿಗೆ ನೆನಪಿಸುವುದು ತಪ್ಪೇ?”

ವಾಚಕರೇ, ನೀವಾದರೆ ಏನು ಹೇಳುತ್ತಿದ್ದಿರಿ?

ಶಿಸ್ತಿನ ಪಕ್ಷವನ್ನು ಮೊದಲು ಎತ್ತಿಕೊಳ್ಳೋಣ, ಏಕೆಂದರೆ ಅದು ದುರ್ಬಲವಾದ ಪಕ್ಷವಲ್ಲ. ಹೊಳೆಯ ದಂಡೆಯಲ್ಲಿ ಐದು ಜನ ಬೇಕಾದಲ್ಲಿ ನಾಲ್ವರೇ ನಿಂತರೆ ಐದನೆಯ ಜಾಗದಿಂದಲೇ ಒಂದು ಮಗು ನೀರಿಗೆ ಜಾರಬಹುದು. ಮಾತು ಕೊಟ್ಟು ಸೇರಿದವನು ಬಿಸಿಲು ಬಂತೆಂದು ಮಾತು ತಪ್ಪಿದರೆ, ಅವನನ್ನು ನಂಬಿ ನಿಂತ ಉಳಿದ ನಾಲ್ವರಿಗೆ ಮೋಸವಾದಂತೆ. ಸ್ವಯಂಸೇವೆಯೆಂದರೆ ಮನಸ್ಸು ಬಂದಾಗ ಮಾಡುವ ಸೇವೆಯೆಂಬ ಭ್ರಮೆ ನಮ್ಮ ಜನರಲ್ಲಿ ಸಾಕಷ್ಟಿದೆ. ಬರುತ್ತೇನೆಂದು ಹೇಳಿ ಬಾರದವನಿಂದ ಆಗುವ ಹಾನಿಯು, ಮೊದಲೇ ಒಲ್ಲೆನೆಂದವನಿಂದ ಆಗುವ ಹಾನಿಗಿಂತ ದೊಡ್ಡದು. ಇದನ್ನೆಲ್ಲ ನಾವು ಒಪ್ಪುತ್ತೇವೆ. ಆ ಗೃಹರಕ್ಷಕನಿಗೆ “ಇಲ್ಲ, ಬರಲೇಬೇಕು” ಎಂದು ಹೇಳುವ ಅಧಿಕಾರ ನಾಯಕನಿಗೆ ಉಂಟು. ಹೇಳಬೇಕಾದ ಸಂದರ್ಭವೂ ಬರಬಹುದು.

ಆದರೆ ಅವರು ಕೇಳಿದ್ದು ಅದನ್ನಲ್ಲ. ಬರಲೇಬೇಕೆಂದು ಆಜ್ಞೆ ಮಾಡುವುದು ಒಂದು. ನಿಷ್ಕಾಮವನ್ನು ನೆನಪಿಸುವುದು ಮತ್ತೊಂದು. ಮೊದಲನೆಯದು ಅಧಿಕಾರದ ಮಾತು. ಅದರ ಹೊಣೆ ಹೇಳಿದವನ ತಲೆಯ ಮೇಲಿರುತ್ತದೆ. ಕೇಳುವವನು ಮನಸ್ಸಿನಲ್ಲಿ ನೊಂದುಕೊಳ್ಳಲು, ಗೊಣಗಲು ಸ್ವತಂತ್ರನಾಗಿರುತ್ತಾನೆ. ಎರಡನೆಯದು ಹಾಗಲ್ಲ. ಅದು ಅವನ ಅಂತರಂಗಕ್ಕೇ ಕೈ ಹಾಕುತ್ತದೆ. ಅವನ ಎರಡು ದಿನಗಳ ಸಂಪಾದನೆಯನ್ನು ಕಳೆಯುವುದಲ್ಲದೆ, ಅದನ್ನು ಬಯಸಿದ್ದಕ್ಕಾಗಿ ಅವನು ನಾಚುವಂತೆಯೂ ಮಾಡುತ್ತದೆ. ಹೀಗೆ ನಾಚಿಸಲು ನಾಯಕನಿಗೆ ಖರ್ಚಾದದ್ದೇನು? ಏನೂ ಇಲ್ಲ. ಅವನ ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತದೆ.

ನಿಷ್ಕಾಮವೆಂಬುದು ವ್ರತ. ವ್ರತವನ್ನು ನಾವು ನಮಗಾಗಿ ಕೈಗೊಳ್ಳಬಹುದೇ ಹೊರತು ಇನ್ನೊಬ್ಬರ ಮೇಲೆ ಹೇರಲಾಗದು. ನಾವು ಉಪವಾಸವಿದ್ದರೆ ತಪಸ್ಸು. ಆಳಿಗೆ ಊಟ ಕೊಡದೆ ಉಪವಾಸವಿರಿಸಿದರೆ ಅದಕ್ಕೆ ಬೇರೆಯೇ ಹೆಸರುಂಟು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ನೀವೆಲ್ಲ ಕೇಳಿಬಲ್ಲಿರಿ. ಪತಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ದಿನ ಆಕೆ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳಿಸಿದಳು. ಆ ಚರಿತ್ರೆಯನ್ನು ಪ್ರವಚನಗಳಲ್ಲಿ ಆಸೆಯ ಖಂಡನೆಗಾಗಿ ಹೇಳುತ್ತಾರೆ, ಸರಿಯೇ. ಆದರೆ ಎರಡು ಅಂಶಗಳನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಆಕೆ ಬೇಡವೆಂದದ್ದು ತನ್ನ ಮಡಕೆಗೆ ಬೀಳಬೇಕಾಗಿದ್ದ ಅಕ್ಕಿಯನ್ನು. ನೆರೆಮನೆಯವಳ ಮಡಕೆಯ ಮುಚ್ಚಳ ತೆಗೆದು ಅಲ್ಲೆಷ್ಟಿದೆಯೆಂದು ಆಕೆ ಅಳೆಯಲಿಲ್ಲ. ಮತ್ತು ಅಂದಿಗೆ ಬೇಕಾದಷ್ಟು ಅಕ್ಕಿಯನ್ನು ಆಕೆ ಹಿಂದಕ್ಕೆ ಕಳಿಸಲೂ ಇಲ್ಲ, ಒಲೆಯ ಮೇಲಿಟ್ಟಳು. ಕಾಯಕದ ನ್ಯಾಯವಾದ ಪ್ರತಿಫಲವು ಕಾಮವಲ್ಲವೆಂಬುದು ಶರಣರ ಬದುಕಿನಲ್ಲೇ ಸಿದ್ಧವಾದ ಸಂಗತಿ. ಮರ ಹತ್ತುವವನು ಕೇಳಿದ್ದು ಆ ಒಲೆಯ ಮೇಲಿನ ಅಕ್ಕಿಯನ್ನು.

ಲೌಕಿಕ ನ್ಯಾಯವೂ ಬಹಳ ತಡವಾಗಿ ಇದೇ ದಾರಿಗೆ ಬಂದಿದೆ. 2015ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಗೃಹರಕ್ಷಕರ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿತು. ಅವರನ್ನು ಖಾಯಂ ನೌಕರರೆಂದು ಮಾಡಲಾಗದು, ಏಕೆಂದರೆ ದಳವು ಸ್ವಯಂಸೇವೆಯ ಸಂಸ್ಥೆ. ಆದರೆ ಕರೆಸಿಕೊಂಡ ದಿನಗಳಿಗೆ ಕೊಡುವ ಭತ್ಯೆಯು, ಮೂವತ್ತು ದಿನಗಳಿಗೆ ಲೆಕ್ಕ ಹಾಕಿದರೆ, ಆ ರಾಜ್ಯದ ಪೋಲೀಸನ ಕನಿಷ್ಠ ವೇತನಕ್ಕೆ ಸಮನಾಗುವಂತಿರಬೇಕು ಎಂದಿತು. ಈ ತೀರ್ಪಿನ ಎರಡು ಭಾಗಗಳನ್ನೂ ಕೂಡಿಸಿ ಓದಿರಿ. ಸ್ವಯಂಸೇವಕನು ಸ್ವಯಂಸೇವಕನಾಗಿಯೇ ಉಳಿಯಲಿ. ಆದರೆ ಅವನ ಸ್ವಯಂಸೇವೆಯೆಂಬ ಹೆಸರನ್ನು ಮುಂದೆ ಮಾಡಿ ರಾಜ್ಯವು ಅವನ ದಿನವನ್ನು ಅಗ್ಗವಾಗಿ ಕೊಳ್ಳತಕ್ಕದ್ದಲ್ಲ. ನ್ಯಾಯಾಧೀಶರು ನಿಷ್ಕಾಮವೆಂಬ ಶಬ್ದದ ಮೀಮಾಂಸೆಗೆ ಹೋಗದೆ ಅದರ ತಿರುಳನ್ನು ಹೇಳಿದರೆಂದು ನಮಗೆ ತೋರುತ್ತದೆ.

ಇಲ್ಲಿ ನೀವು ಒಂದು ಆಕ್ಷೇಪವನ್ನು ಎತ್ತಬಹುದು. ಒಬ್ಬೊಬ್ಬನ ಮನೆಯ ಅಡಚಣೆಯನ್ನು ವಿಚಾರಿಸುತ್ತ ಕುಳಿತರೆ ಪ್ರವಾಹವು ಕಾಯುತ್ತದೆಯೇ? ಕಾಯುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗಡಿಯ ಜೋಡುಪಾಲದ ಬಳಿ ಗುಡ್ಡಗಳು ಜರಿದು, ಮನೆಮಠ ಕಳೆದುಕೊಂಡ ಜನ ಸುಳ್ಯ ತಾಲ್ಲೂಕಿನ ಕಡೆಗೆ ಇಳಿದು ಬಂದು ಪರಿಹಾರ ಕೇಂದ್ರಗಳಲ್ಲಿ ತಂಗಿದರು. ಅಂಥ ರಾತ್ರಿಯಲ್ಲಿ ಯಾರು ಯಾರ ಕೂಲಿಯ ಲೆಕ್ಕ ಕೇಳಿಯಾರು? ಮದ್ದು ಬಿಡುವವನೂ ಕೇಳುವುದಿಲ್ಲ. ಕೇಳದೆ ಬರುವವರು ಇದ್ದಾರೆಂಬ ಕಾರಣದಿಂದಲೇ, ಉಳಿದ ದಿನಗಳಲ್ಲಿ ಅವರನ್ನು ಹೇಗೆ ನಡೆಸಿಕೊಂಡೆವೆಂಬ ಪ್ರಶ್ನೆ ಬಹು ದೊಡ್ಡದಾಗುತ್ತದೆ. ಸ್ವಯಂಸೇವಕನ ಒಪ್ಪಿಗೆಯು ತೊಟ್ಟಿಯಲ್ಲಿ ಕೂಡಿಟ್ಟ ನೀರಿನಂತೆ. ಬೆಂಕಿ ಬಿದ್ದ ದಿನಕ್ಕೆ ಅದು ಬೇಕು. ಅಲ್ಪ ಕಾರ್ಯಗಳಿಗೆ ದಿನವೂ ಮೊಗೆದು ಚೆಲ್ಲಿದವನು ಆ ದಿನ ಬಂದಾಗ ಬರಿಯ ತೊಟ್ಟಿಯ ಮುಂದೆ ನಿಲ್ಲುತ್ತಾನೆ.

ಎಷ್ಟು ಅಲ್ಪ ಕಾರ್ಯಗಳು! ಸ್ವಾಗತದ ಕಮಾನಿನ ಎರಡು ಪಕ್ಕದಲ್ಲಿ ಶೋಭೆಗಾಗಿ ನಿಲ್ಲಿಸುವುದು, ಗಣ್ಯರು ಎರಡು ತಾಸು ತಡವಾಗಿ ಬರುವರೆಂದು ತಿಳಿದಿದ್ದೂ ಹೇಳಿದ ಹೊತ್ತಿಗೇ ಬಿಸಿಲಿನಲ್ಲಿ ಸಾಲುಗಟ್ಟಿಸುವುದು, ಕುರ್ಚಿ ಹೊರಿಸುವುದು. ನಮ್ಮಂಥ ಕಾವಿಧಾರಿಗಳ ಮೆರವಣಿಗೆಗಳನ್ನೂ ಈ ಪಟ್ಟಿಯಿಂದ ಹೊರಗಿಡಲು ಕಾರಣ ಕಾಣೆವು. ವಾರದ ತರಬೇತಿಯಲ್ಲಿ ಕೆಳಗಿನವರಿಗೆ ಆಜ್ಞೆ ಮಾಡುವುದನ್ನು ಕಲಿಸುತ್ತಾರೆ. ಮೇಲಿನವರ ಮುಂದೆ ನಿಂತು, “ಈ ಕೆಲಸಕ್ಕೆ ಇಷ್ಟು ಜನರನ್ನು ಕೊಡಲಾರೆ, ಇವರು ನನ್ನವರಲ್ಲ, ತಮ್ಮ ಮನೆಯವರು” ಎಂದು ವಿನಯದಿಂದ ಹೇಳುವುದನ್ನು ಕಲಿಸಲು ಒಂದು ಅರ್ಧ ದಿನವನ್ನಾದರೂ ಮೀಸಲಿಟ್ಟರೆ ಒಳಿತಾಗುತ್ತಿತ್ತು. ಅದು ಕಠಿನವಾದ ಪಾಠ. ಭುಜದ ಮೇಲೆ ಹೊಸ ಪಟ್ಟಿ ಬಂದವನಿಗೆ ಮತ್ತೂ ಕಠಿನ.

ನಮ್ಮ ನಾಡಿನಲ್ಲೇ ಇದಕ್ಕೊಂದು ಹಳೆಯ ಮೇಲ್ಪಂಕ್ತಿಯಿದೆ. ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು; ಹುಬ್ಬಳ್ಳಿ ಅದರ ಕೇಂದ್ರವಾಯಿತು. ಮರುವರ್ಷ ಗಾಂಧೀಜಿಯವರು ಅಧ್ಯಕ್ಷರಾದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರು ಶೌಚಾಲಯಗಳ ಶುಚಿತ್ವದ ಕೆಲಸವನ್ನೂ ವಹಿಸಿಕೊಂಡರು. ಮೇಲ್ಜಾತಿಯವರು ಆ ಕೆಲಸಕ್ಕೆ ಕೈ ಹಾಕುವುದನ್ನು ಊಹಿಸಲೂ ಆಗದ ಕಾಲವದು. ಸ್ವತಃ ಬಾಗದ ನಾಯಕನು ಅಂಥ ಕೆಲಸಕ್ಕೆ ಇನ್ನೊಬ್ಬರನ್ನು ಹಚ್ಚಲಾರನು.

ಇನ್ನೊಂದು ಸಂಗತಿ. ನಾಯಕನು ಹಿಂಜರಿಯುವವರನ್ನು ಮುಂದಕ್ಕೆ ತಳ್ಳತಕ್ಕವನೆಂದು ಎಲ್ಲರೂ ತಿಳಿಯುತ್ತಾರೆ. ಸ್ವಯಂಸೇವಕರ ನಡುವೆ ಅವನ ಕಷ್ಟ ಬಹುಮಟ್ಟಿಗೆ ತಿರುಗುಮುರುಗಾಗಿರುತ್ತದೆ. ಆಲಂಕಾರಿನಿಂದ ಕಡಬಕ್ಕೆ ಹೋಗುವಾಗ ಹೊಸ್ಮಠದಲ್ಲಿ ಗುಂಡ್ಯ ಹೊಳೆಗೆ ಹಿಂದೆ ಒಂದು ತಗ್ಗಿನ ಸೇತುವೆಯಿತ್ತು. ಜೋರು ಮಳೆ ಬಂದರೆ ನೀರು ಅದರ ಮೇಲೆಯೇ ಹರಿಯುತ್ತಿದ್ದುದರಿಂದ ಜನ ಅದನ್ನು ಮುಳುಗು ಸೇತುವೆಯೆಂದೇ ಕರೆದರು. ಈಗ ಎತ್ತರದ ಸೇತುವೆಯಾಗಿದೆ. ಆಗ ಸೇತುವೆಯ ಎರಡು ತುದಿಗಳಲ್ಲಿ ಕಾವಲು ನಿಂತವರ ಕೆಲಸ ಒಂದೇ: ದಾಟಬೇಡಿ ಎನ್ನುವುದು. ಮನೆ ಆಚೆ ದಡದಲ್ಲಿ ಕಾಣುತ್ತಿದೆ, ನೀರು ಮೊಣಕಾಲಿಗಷ್ಟೇ ಇದೆ, ಬಿಡಿ ಎನ್ನುವವರನ್ನು ತಾಸುಗಟ್ಟಲೆ ತಡೆದು ಬೈಸಿಕೊಳ್ಳುವುದು. ಆ ತಾಳ್ಮೆಯೂ ಸೇವೆಯೇ. ಆದರೆ ಅದಕ್ಕೆ ಯಾರೂ ಹಾರ ಹಾಕುವುದಿಲ್ಲ. ಇದೇ ‘ಬೇಡ’ವನ್ನು ನಾಯಕನು ತನ್ನವರಿಗೂ ಹೇಳಬೇಕಾಗುತ್ತದೆ. ಹೊಳೆಯಲ್ಲಿ ಯಾರೋ ತೇಲಿ ಹೋಗುವುದನ್ನು ಕಂಡೊಡನೆ ಧುಮುಕಲು ಸಿದ್ಧನಾದ ಇಪ್ಪತ್ತೆರಡರ ಹುಡುಗನ ತೋಳನ್ನು ಹಿಡಿದು, ಹಗ್ಗ ಬರುವವರೆಗೆ ನಿಲ್ಲಿಸುವುದು ಸುಲಭವೇ? ಆ ಕ್ಷಣದಲ್ಲಿ ನಾಯಕನು ಹೇಡಿಯಂತೆ ಕಾಣುತ್ತಾನೆ. ಕವಾಯತು ಬಲ್ಲವರನ್ನು ಕೇಳಿರಿ: ‘ನಡೆ’ ಎಂದು ಯಾವನೂ ಹೇಳಬಹುದು, ‘ನಿಲ್ಲು’ ಎಂಬುದನ್ನು ಸರಿಯಾದ ಹೆಜ್ಜೆಗೆ ಹೇಳದಿದ್ದರೆ ಸಾಲೇ ಚದುರುತ್ತದೆ.

ಇದೆಲ್ಲ ಸರ್ಕಾರದ ದಳಕ್ಕೆ ಸಂಬಂಧಪಟ್ಟ ಮಾತು, ನಮಗೇಕೆ ಎನ್ನುವಿರಾದರೆ, ಯಾವ ಮಠದ ಜಾತ್ರೆಯಾದರೂ ಒಮ್ಮೆ ಕಣ್ಣಿಟ್ಟು ನೋಡಿರಿ. ದಾಸೋಹದ ಒಲೆಯ ಮುಂದೆ ಮೂರು ದಿನ ಬೆವರು ಸುರಿಸುವವರು, ಎಲೆ ಎತ್ತುವವರು, ರಥದ ಹಗ್ಗದ ಬಳಿ ಮಕ್ಕಳನ್ನು ಹಿಂದೆ ಸರಿಸುವವರು ಬಹುತೇಕ ಪ್ರತಿವರ್ಷವೂ ಅವರೇ. ಸಮಿತಿಯು ಕುಳಿತು ಪಟ್ಟಿ ಬರೆಯುವಾಗ ಮೊದಲು ನೆನಪಾಗುವುದು ಎಂದೂ ಒಲ್ಲೆನೆನ್ನದವನ ಹೆಸರು. “ಅವನಿಗೆ ಹೇಳಿದರಾಯಿತು, ಮಾಡುತ್ತಾನೆ” ಎಂದು ಬರೆದುಕೊಳ್ಳುತ್ತಾರೆ. ಅವನ ಭಕ್ತಿ ದೊಡ್ಡದಾದಷ್ಟೂ ಅವನ ಮೇಲಿನ ಹೊರೆ ದೊಡ್ಡದಾಗುತ್ತದೆ. ಒಮ್ಮೆ ಬಾರದಿದ್ದರೆ ಅವನ ಭಕ್ತಿಯ ಮೇಲೆಯೇ ಮಾತು ಬರುತ್ತದೆ. ಎಂದೂ ಬಾರದವನ ಬಗೆಗೆ ಯಾರೂ ಮಾತಾಡುವುದಿಲ್ಲ.

ಆಲಂಕಾರಿನವರು ಕೊನೆಗೆ ಏನು ಮಾಡಿದರೆಂದು ತಿಳಿಯಲು ನಿಮಗೆ ಕುತೂಹಲವಿರಬಹುದು. ಎರಡನೆಯ ಪತ್ರದಲ್ಲಿ ಬರೆದಿದ್ದಾರೆ. ಹಗಲು ಮದ್ದು ಬಿಟ್ಟು ರಾತ್ರಿ ಕಾವಲಿಗೆ ಬಾ ಎನ್ನೋಣವೆಂದು ಮೊದಲು ಯೋಚಿಸಿದರಂತೆ. ದಿನವಿಡೀ ಮರದ ಮೇಲಿದ್ದವನು ರಾತ್ರಿ ಹೊಳೆಯ ದಂಡೆಯಲ್ಲಿ ಕಣ್ಣು ತೆರೆದಿರಲಾರನೆಂದು ಹೊಳೆದು ಅದನ್ನು ಬಿಟ್ಟರು. ಕಡೆಗೆ ಅವನಿಗೆ ಎರಡು ದಿನ ಬಿಟ್ಟುಕೊಟ್ಟು, ಮೇಲಿನವರಿಗೆ ತಿಳಿಸಿ, ತಾವು ರಜೆ ಹಾಕಿ ಅವನ ಸ್ಥಾನದಲ್ಲಿ ನಿಂತರು. ಇಲ್ಲಿಗೆ ಮುಗಿದಿದ್ದರೆ ಪ್ರವಚನಕ್ಕೆ ಒಳ್ಳೆಯ ದೃಷ್ಟಾಂತವಾಗುತ್ತಿತ್ತು. ಆದರೆ ಮರುವಾರ ಅಂಗಡಿಯಿಟ್ಟುಕೊಂಡಿರುವ ಇನ್ನೊಬ್ಬ ಗೃಹರಕ್ಷಕರು ಬಂದು, ನೆಂಟರ ಮನೆಯ ಮದುವೆಗಾಗಿ ಅದೇ ರೀತಿಯ ಬಿಡುಗಡೆ ಕೇಳಿದರು. ಹೊಳೆ ಆಗ ಮೊದಲಿಗಿಂತ ಹೆಚ್ಚು ಏರಿತ್ತು. ಇವರು ಆಗದೆಂದರು. ಅವರು ಮರುಮಾತಾಡದೆ ಬಂದು ಕಾವಲು ನಿಂತರು. ಆಮೇಲೆ ಮೂರು ಭಾನುವಾರಗಳ ಕವಾಯತಿನಲ್ಲಿ ಇವರೊಡನೆ ಒಂದು ಮಾತನ್ನೂ ಆಡಲಿಲ್ಲ. ನಾಲ್ಕನೆಯ ಭಾನುವಾರಕ್ಕೆ ಮುನ್ನವೇ ಪತ್ರವನ್ನು ಅಂಚೆಗೆ ಹಾಕಿದ್ದಾರೆ.